ಗೇಟಿನ ಗಡಿಯಾರದ ವಿಷಯವಾಗಿ ಎರಡು ಮಾತು

ಮಾನ್ಯ ಅಧ್ಯಕ್ಷರೂ ಬಾಯ್ಲರ್ ಮನೆಯ ಹಳೆಯ ಮೇಸ್ತ್ರಿಗಳೂ ಆದವರೇ, ಆರು ವರ್ಷದಿಂದ ನಮ್ಮ ಮೊಕದ್ದಮೆ ಹೊತ್ತು ತಿರುಗುತ್ತಿರುವ ವಕೀಲಮ್ಮನವರೇ, ಸೋಪಿನ ಕಾರ್ಖಾನೆಯಲ್ಲಿ ಬೆನ್ನು ಸವೆಸಿ ನಿವೃತ್ತರಾದ ಸಭಿಕರೇ,

ಮೂವತ್ತೊಂದು ವರ್ಷ ಗೇಟಿನಲ್ಲಿ ಹಾಜರಿ ಬರೆದರೂ ಒಂದೂ ತಪ್ಪು ಮಾಡದವರು ಎಂದು ನನ್ನ ಸನ್ಮಾನಪತ್ರ ಓದಿದಿರಿ. ಚಪ್ಪಾಳೆ ತಟ್ಟಿದಿರಿ. ಆ ಮಾತಿಗೆ ಆಮೇಲೆ ಬರುತ್ತೇನೆ.

ಮೊದಲು ಮಧ್ಯಸ್ಥಿಕೆಯ ಪಾಡು ಕೇಳಿ. ಇಪ್ಪತ್ತು ವರ್ಷ ಅಖಂಡ ಸೇವೆ ಮಾಡಿದವರಿಗೆ, ಅವರ ಗಂಡ ಅಥವಾ ಹೆಂಡತಿಗೆ, ಬದುಕಿರುವವರೆಗೂ ಕಂಪನಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಎಂಬುದು ನಮಗೆ ಕೊಟ್ಟ ಮಾತು. ಅದನ್ನು ನಿಲ್ಲಿಸಿದರು, ನಾವು ಕೋರ್ಟಿಗೆ ಹೋದೆವು. ಕೂತು ಮಾತಾಡಿ ಬಗೆಹರಿಸಿಕೊಳ್ಳಿ ಎಂದಿತು ಕೋರ್ಟು. ಕೂತೆವು. ಏಳು ಸಲ ಕೂತೆವು! ಮೊದಲ ಆರು ಸಲವೂ ಕಂಪನಿಯ ಸಾಹೇಬರು ಚಹಾ ಮುಗಿಸಿ, "ಮೇಲಿನವರನ್ನ ಕೇಳಿ ಹೇಳ್ತೀನಿ" ಎನ್ನುವರು. ಆ ಮೇಲಿನವರು ಯಾವ ಮಹಡಿಯಲ್ಲಿದ್ದಾರೋ, ನನಗಂತೂ ಮೆಟ್ಟಿಲು ಸಿಗಲಿಲ್ಲ.

ಏಳನೆಯ ಸಲ ಉತ್ತರ ಬಂತು. ಎಲ್ಲರಿಗೂ ಚಿಕಿತ್ಸೆ ಕೊಡುತ್ತೇವೆ, ಅರವತ್ತಮೂರು ಜನರನ್ನು ಬಿಟ್ಟು. ಏಕೆ? ಮೂರು ಸಲ ತಡವಾದರೆ ಒಂದು ದಿನ ಗೈರು, ಗೈರಾದರೆ ಸೇವೆ ತುಂಡಾಯಿತು, ತುಂಡಾದ ಸೇವೆ ಅಖಂಡವಲ್ಲ. ಇದಕ್ಕೆ ಆಧಾರ? ತಡವಾದವರ ಹೆಸರಿಗೆ ಕೆಂಪು ಶಾಯಿ ಹೊಡೆದ ನನ್ನ ಹಾಜರಿ ಪುಸ್ತಕಗಳು. ಮಧ್ಯಸ್ಥರು ನನ್ನ ಕಡೆ ತಿರುಗಿ, "ಯಜಮಾನರೇ, ಈ ಪುಸ್ತಕ ಸರಿಯಾಗಿದೆಯಾ?" ಎಂದರು. ನಾನು ಏನೆಂದೆ? "ಒಂದು ಚುಕ್ಕೆ ತಪ್ಪಿದ್ರೆ ಕೇಳಿ ಸ್ವಾಮಿ" ಎಂದೆ. ಅಲ್ಲಿಗೆ ಮಧ್ಯಸ್ಥಿಕೆ ಮುಗಿಯಿತು. ವಕೀಲಮ್ಮ ನನ್ನನ್ನು ನೋಡಿದ ನೋಟ ಇನ್ನೂ ಬೆನ್ನಿಗೆ ಚುಚ್ಚುತ್ತಿದೆ.

ಏಕೆ ಹಾಗೆಂದೆ? ನಾನು ಏಳನೆಯ ತರಗತಿ ಓದಿದವನು. ಸೋಪಿನ ಪೆಟ್ಟಿಗೆ ಹೊತ್ತು ಹೊತ್ತು ಪೆನ್ನು ಹಿಡಿಯುವ ಕೆಲಸಕ್ಕೆ ಬಂದವನು. ಪುಸ್ತಕ ತಪ್ಪು ಎಂದರೆ ನನ್ನ ಬಳಿ ಇನ್ನೇನು ಉಳಿಯುತ್ತದೆ?

ಈಗ ಗಡಿಯಾರದ ಮಾತು. ಹಳೆಯ ಮ್ಯಾನೇಜರು ಒಂದು ದಿನ, "ಗೇಟಿನ ಗಡಿಯಾರ ಏಳು ನಿಮಿಷ ಮುಂದಿಡಪ್ಪಾ, ಜನ ಚುರುಕಾಗ್ತಾರೆ" ಎಂದರು. ಪ್ರತಿ ಸೋಮವಾರ ಕೀಲಿ ಕೊಡುವಾಗ ನಾನೇ ಮುಂದಿಟ್ಟೆ. ಹದಿನೆಂಟು ವರ್ಷ. ಸಂಜೆ ಬಿಡುವ ಸೈರನ್ ಮಾತ್ರ ಬಾಯ್ಲರ್ ಮನೆಯ ಗಡಿಯಾರಕ್ಕೆ, ಸರಿಯಾದ ಹೊತ್ತಿಗೆ. ಬೆಳಿಗ್ಗೆ ಏಳು ನಿಮಿಷ ನಿಮ್ಮಿಂದ ಕಿತ್ತುಕೊಂಡೆವು, ಸಂಜೆ ಒಂದು ನಿಮಿಷವೂ ವಾಪಸು ಕೊಡಲಿಲ್ಲ. ಅಧ್ಯಕ್ಷರೇ, ಏಳಬೇಡಿ, ಕೂತ್ಕೊಳ್ಳಿ. ನಿಮ್ಮ ಸೈರನ್ ತಪ್ಪಿರಲಿಲ್ಲ.

ಪ್ಯಾಕಿಂಗ್ ವಿಭಾಗದ ಅಕ್ಕ ಮೂರನೆಯ ಸಾಲಿನಲ್ಲಿದ್ದಾರೆ. "ಅಣ್ಣಾ, ನನ್ನ ವಾಚಲ್ಲಿ ಇನ್ನೂ ಎಂಟಾಗಿಲ್ಲ ನೋಡಿ" ಎನ್ನುತ್ತಿದ್ದರು. "ವಾಚು ರಿಪೇರಿಗೆ ಕೊಡಮ್ಮ" ಎಂದೆ. ಕೊಟ್ಟರು. ವಾಚಿನವನು ಚೆನ್ನಾಗಿದೆ ಎಂದ. ಆಕೆ ನನ್ನ ಮಾತು ನಂಬಿ ಹೊಸ ವಾಚೇ ಕೊಂಡರು! ಅದಕ್ಕೂ ಕೆಂಪು ಶಾಯಿ ಹೊಡೆದೆ. ಇವತ್ತು ಅವರ ಯಜಮಾನರಿಗೆ ವಾರಕ್ಕೆರಡು ಸಲ ಡಯಾಲಿಸಿಸ್. ಆಸ್ಪತ್ರೆಯ ಬಾಗಿಲಲ್ಲಿ ಅವರನ್ನು ತಡೆದು ತೋರಿಸುವುದು ನನ್ನ ಕೆಂಪು ಶಾಯಿಯನ್ನೇ.

ಆ ಮ್ಯಾನೇಜರು ತೀರಿಕೊಂಡರು. ಬಲ್ಲವನು ನಾನೊಬ್ಬನೇ. ಮೊಕದ್ದಮೆಗೆ ಮತ್ತೆ ಜೀವ ಕೊಡುವ ಅರ್ಜಿ ಹಾಕಲು ಕೋರ್ಟು ಕೊಟ್ಟ ಗಡುವು ನಾಳಿದ್ದು ಸಂಜೆಗೆ ಮುಗಿಯುತ್ತದೆ. ಮೊದಲ ಸಾಕ್ಷಿ ನಾನು. ಇವತ್ತು ಬೆಳಿಗ್ಗೆ ಮನೆಗೆ ಬಂದ ವಕೀಲಮ್ಮನಿಗೆ ಎಲ್ಲ ಬರೆದುಕೊಟ್ಟೆ. "ಸುಳ್ಳು ಹಾಜರಿ ಬರೆದೆ ಅಂತ ಒಪ್ಪಿಕೊಂಡ್ರೆ ನಿಮ್ಮ ಆಸ್ಪತ್ರೆ ಚೀಟಿ ಮೊದಲು ಹೋಗುತ್ತೆ" ಎಂದು ಅವರು ಎಚ್ಚರಿಸಿದರು. ನನ್ನಾಕೆ ಅದಕ್ಕೆ, "ನನ್ನ ಮಾತ್ರೆ ನಾನು ನೋಡ್ಕೋತೀನಿ. ಹದಿನೆಂಟು ವರ್ಷ ನನಗೂ ಹೇಳಲಿಲ್ವಲ್ರೀ" ಎಂದು ಒಳಗೆ ಹೋದಳು.

ಅರ್ಜಿಗೆ ಅರವತ್ತಮೂರೂ ಜನರ ಸಹಿ ಬೇಕು. ಒಂದು ಕಡಿಮೆಯಾದರೂ ಆ ಒಂದು ಮನೆ ಹೊರಗುಳಿಯುತ್ತದೆ.

ಅಕ್ಕಾ, ಎದ್ದು ಹೊರಟಿರಾ? ಹೊರಡಿ, ತಡೆಯುವ ಮುಖ ನನಗಿಲ್ಲ. ಬಾಗಿಲ ಬಳಿ ಮೇಜಿನ ಮೇಲೆ ಅರ್ಜಿ ಇದೆ. ನನ್ನ ಮೇಲಿನ ಸಿಟ್ಟನ್ನು ಹಾಗೇ ಇಟ್ಟುಕೊಳ್ಳಿ, ಸಹಿಯೊಂದನ್ನು ಹಾಕಿ ಹೋಗಿ.

ಕೂತು ಕೇಳಿದವರಿಗೂ, ಕೇಳಲಾರದೆ ಎದ್ದವರಿಗೂ ನಾನು ಋಣಿ. ನಮಸ್ಕಾರ.