ಅಪ್ಪನ ನಾಲ್ಕು ಕೂದಲು

ನನಗೆ ಅರಳುಮರಳು ಅನ್ನೋರು ಬಾಯಿ ಮುಚ್ಕೊಂಡು ಕೇಳಿ. ನಿನ್ನೆ ಕೇಳಿದ್ದು, ಒಂದಕ್ಷರ ಮರೆತಿಲ್ಲ. ಬಸ್ಸಿನ ಕ್ಯೂನಲ್ಲಿ ನನ್ನ ಮುಂದೆ ಅಪ್ಪ, ಮಗಳು. ಮಗಳು ಮೈಯೊಳಗಿನ ವಿಷ ಪತ್ತೆ ಹಚ್ಚೋ ವಿದ್ಯೆಯಲ್ಲಿ ಎಂಎಸ್ಸಿ ಓದ್ತಾಳಂತೆ.

“ಹೋಲಿಸಿ ನೋಡೋಕೆ ಕುಡಿಯದವರ ಕೂದಲು ಬೇಕಿತ್ತು. ಅದಕ್ಕೇ ನಿಮ್ಮದು ಕೇಳಿದ್ದು.”

“ಇರೋದೇ ನಾಲ್ಕು, ಅದರಲ್ಲೂ ಕೊಟ್ನಲ್ಲ.”

“ಮೂರು ತಿಂಗಳ ಕುಡಿತ ಅದರಲ್ಲಿ ಕೂತಿತ್ತಪ್ಪ. ಇಡೀ ಕ್ಲಾಸು ನೋಡ್ತು.”

“ಮಷೀನು ಕೆಟ್ಟಿರಬೇಕು.”

“ಮೂರು ಸಲ ಹಾಕಿದ್ವಿ. ಬಿಟ್ಟು ಎರಡು ವರ್ಷ ಆಯ್ತು ಅಂತ ಅಮ್ಮನ ಮೇಲೆ ಆಣೆ ಇಟ್ಟಿದ್ರಲ್ಲ.”

ಅಪ್ಪ ಹಿಂದೆ ಮುಂದೆ ನೋಡಿ ದನಿ ತಗ್ಗಿಸಿದ.

“ನನ್ನದು ಅಂತ ಕ್ಲಾಸಿಗೆ ಗೊತ್ತಾಯ್ತಾ?”

“ಇಲ್ಲ. ಸ್ಯಾಂಪಲ್ಲು ಅದಲುಬದಲು ಮಾಡಿಬಿಟ್ಟೆ, ತಪ್ಪು ನನ್ನದೇ ಅಂದೆ. ಇಂಥ ಬೇಜವಾಬ್ದಾರಿ ಹುಡುಗಿಗೆ ಪ್ರಾಜೆಕ್ಟ್ ಕೊಡಲ್ಲ ಅಂದ್ರು ನಮ್ಮ ಸರ್.”

“ನನ್ನ ಮಾನ ಉಳಿಸೋಕೆ ನಿನ್ನದು ಕಳ್ಕೊಂಡ್ಯಾ?”

ಬಸ್ಸು ಬಂತು. ಮಗಳು ಹತ್ತಿದಳು.

“ಹತ್ತಿ ಅಪ್ಪ.”

“ಇದು ಮನೆ ಬಸ್ಸು. ನಿಮ್ಮ ಸರ್ ಹತ್ರ ಹೋಗೋಕೆ ಕಾಲೇಜಿನ ಬಸ್ಸು ಆ ಕಡೆ ತಾನೆ ನಿಲ್ಲೋದು?”

ತಲೆ ಎತ್ತದೇ ರಸ್ತೆ ದಾಟಿದ. ಮಗಳು ಧಡಕ್ಕನೆ ಇಳಿದು ಹಿಂದೆ ಓಡಿದಳು.

ಇದನ್ನ ನನ್ನ ಅಳಿಯನಿಗೂ ಕಳಿಸ್ರಪ್ಪ. ಅವನೂ ಬಿಟ್ಟಿದ್ದೀನಿ ಅಂತಾನೆ.