ದಾಸಪ್ಪ ‘ನಂದೇ’ ಅಂದ ಲಾರಿ

ಎಮರ್ಜೆನ್ಸಿ ವರ್ಷ. ರಾತ್ರಿ, ಸೇಲಂ ಪಕ್ಕದ ಓಮಲೂರಿನ ಕಡೇ ಬಸ್ಸು ಇಳಿದು ದಾಸಪ್ಪ ಕಡಯಂಪಟ್ಟಿ ಹಾದಿಯಲ್ಲಿ ಒಬ್ಬನೇ ಮನೆಗೆ ನಡೀತಿದ್ದ. ಆಲದ ಮರದಡಿ, ಬಾವಿ ಪಕ್ಕ, ಅಕ್ಕನ ಮಗ ಚಿನ್ನಪ್ಪನ ಹೊಸ ಲಾರಿ ನಿಂತಿತ್ತು. ಬೆಳಗಾದರೆ ಬೊಂಬಾಯಿಗೆ ಮೊದಲ ಓಟ. ಪೂಜೆ ಮಾಡಿ ಗಾಲಿಗಳಡಿ ನಿಂಬೆಹಣ್ಣು ಇಟ್ಟಿದ್ದರು. ಗಾಲಿ ಅದನ್ನು ಅರೆದುಕೊಂಡೇ ಹೊರಡಬೇಕು. ಅಲ್ಲೀತನಕ ಯಾರೂ ಮುಟ್ಟೋ ಹಾಗಿಲ್ಲ.

ಹಿಂದಿನ ದಿನ ಟೀ ಅಂಗಡೀಲಿ ಚಿನ್ನಪ್ಪ ಎಲ್ಲರೆದುರು ಅಂದಿದ್ದ: “ಲಾರಿ ಅಂದ್ರೆ ನಿಂದು ಮಾಮ, ಸೇಲಂ ದಾಟಾಕಿಲ್ಲ. ಬೊಂಬಾಯಿಗೆ ಓಗೋದ್ನ ಟ್ರಕ್ ಅಂತಾರೆ!”

ಇಪ್ಪತ್ತು ವರ್ಷ ಸ್ಟೇರಿಂಗ್ ಹಿಡಿದವನು ದಾಸಪ್ಪ. ಅಂಗಡಿಯವರೆಲ್ಲ ನಕ್ಕ ಆ ನಗು ಹೊಟ್ಟೆಯಲ್ಲಿ ಕೆಂಡವಾಗಿ ಕೂತಿತ್ತು.

ಬಗ್ಗಿದ. ಮುಂದಿನ ಗಾಲಿಯ ನಿಂಬೆಹಣ್ಣು ತೆಗೆದ.

ತಪ್... ತಪ್... ಒದ್ದೆ ಸೀರೆಯಿಂದ ನೀರು ತೊಟ್ಟಿಕ್ಕೋ ಸದ್ದು.

“ಅಣ್ಣಾ... ಈ ಲಾರಿ ಯಾರ್ದು?”

ಬಾವಿಕಟ್ಟೆ ಮೇಲೆ ಒಬ್ಬ ಹೆಂಗಸು. ಮುಖ ಕಾಣದ ಹಾಗೆ ಸೆರಗು.

ಹೆದರಿಕೆಗಿಂತ ಹೊಟ್ಟೆಕಿಚ್ಚೇ ಮುಂದಾಯಿತು. “ಲಾರಿ ಅಲ್ಲಮ್ಮ. ಟ್ರಕ್ಕು. ನಂದೇ.”

“ನಿಂದೇನಾ?”

“ನಂದೇ ಅಂದ್ನಲ್ಲ.”

“ಒಳ್ಳೇದಾತು... ನಿಂಬೆಅಣ್ಣು ತೆಗ್ದು ಅತ್ತಾಕೆ ದಾರಿ ಬಿಟ್ಟಿದ್ದೀಯ. ಬತ್ತೀನಿ.”

ಕಟ್ಟೆ ಬರಿದಾಯಿತು. ಲಾರಿಯ ಬಾಗಿಲು... ಕಿರ್‍ರ್... ದಡ್.

ದಾಸಪ್ಪ ಲಾರಿಯಿಂದ ಹಿಂದೆ ಸರಿದ. ಲಾರಿಗಳು ಉರುಳೋ ತೊಪ್ಪೂರು ಘಾಟಿಯ ತಿರುವು ಕಣ್ಮುಂದೆ ಬಂತು. ಅಲ್ಲಿ ಆ ಹುಡುಗನ ಪಕ್ಕ ಇವಳು! ನಿಂಬೆಹಣ್ಣು ಇದ್ದಲ್ಲೇ ಇಟ್ಟು, ಮಣ್ಣಿಗೆ ಹಣೆ ಹಚ್ಚಿದ. “ಮುನಿಯಪ್ಪಾ, ನಮ್ಮಕ್ಕನ ಮಗನ್ನ ಕಾಯಪ್ಪಾ. ನಂದು ಅಂದೋನು ನಾನು. ಬರೋದು ನಂಗೇ ಬರ್ಲಿ...”

ನಂಬಿ ಅತ್ತವರನ್ನು ಮುನಿಯಪ್ಪ ಯಾವತ್ತು ಕೈಬಿಟ್ಟಿದ್ದಾನೆ?

ಬೆಳಿಗ್ಗೆ ಚಿನ್ನಪ್ಪ ಕೇಳಿದ: “ಏನ್ ಮಾಮ, ಕಣ್ಣು ಕೆಂಪಗವೆ. ಒಟ್ಟೆ ಉರಿನಾ?”

“ಊಂ ಕಣ್ಲಾ. ಉರೀತಿತ್ತು. ಉಷಾರಾಗಿ ಓಗ್ಬಾ,” ಅಂದ ದಾಸಪ್ಪ, ಕರ್ಪೂರ ಹಚ್ಚಿ.

ಹತ್ತು ದಿನಕ್ಕೆ ಚಿನ್ನಪ್ಪ ಒಂದು ಗೀರೂ ಇಲ್ಲದೆ ಬಂದ.

ಕತೆ ಅಂತ ತಿಳೀಬೇಡಿ. ಇವತ್ತಿಗೂ ಧರ್ಮಪುರಿಯ ಮೆಕ್ಯಾನಿಕ್ ಪೊನ್ನುಸ್ವಾಮಿಯನ್ನು ಕೇಳಿ, ಹೇಳ್ತಾನೆ. ಚಿನ್ನಪ್ಪ ಹೊರಟ ಆ ಬೆಳಿಗ್ಗೆಯಿಂದ ದಾಸಪ್ಪನ ಹಳೇ ಲಾರಿ ಒಂದು ಪಕ್ಕಕ್ಕೆ ವಾಲಿ ನಿಂತಿತು. ಸ್ಪ್ರಿಂಗ್ ಪಟ್ಟಿ ಎರಡು ಸಲ ಹೊಸದು ಹಾಕಿದರು. ಮೂರನೇ ಸಲ ಪೊನ್ನುಸ್ವಾಮಿ ಅಡಿಯಿಂದ ತೆವಳಿ ಬಂದು, ಕೈ ಒರೆಸಿಕೊಂಡು ಅಂದ: “ಅಣ್ಣಾ, ಮೊದ್ಲು ಲೋಡ್ ಇಳ್ಸಿ ಬಾ.”

ಲಾರಿ ಖಾಲಿಯಾಗಿತ್ತು.