ನಾಣ್ಯದ ಅಂಚಿನ ಕೆಂಪು ಗೆರೆ

"ಹಲೋ… ಯಾರು ಮಾತಾಡ್ತಿರೋದು? ಅತ್ತಿಗೇನಾ? ಅತ್ತಿಗೆ, ನಾನು, ಅಂಗಡಿಯಿಂದ. ಅಣ್ಣ ಇದ್ದಾನಾ? … ಊಟ ಆಮೇಲೆ ಮಾಡ್ಲಿ, ಈಗಲೇ ಫೋನ್ ಕೊಡಿ."

ಕನ್ನಡಕದಂಗಡಿಯವನು ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಭೂತಗನ್ನಡಿ ಹಿಡಿದು ನಿಂತೇ ಇದ್ದ. ಹಡಗಿನಲ್ಲಿ ಅಡುಗೆಗಿದ್ದ ಅಪ್ಪ, ಸಂಗ್ರಹಕ್ಕೆಂದೇ ಕನ್ನಡಿಯ ಹೊಳಪಿನಲ್ಲಿ ಅಚ್ಚು ಹಾಕಿದ ವಿದೇಶಿ ಪ್ರೂಫ್ ನಾಣ್ಯಗಳ, ಅಂಚು ಕಾಣದಂತೆ ಪೆಟ್ಟಿಗೆಯಲ್ಲಿ ಸೀಲ್ ಮಾಡಿದ ಎರಡು ಸೆಟ್ಟು ತಂದು, ಮಕ್ಕಳಿಬ್ಬರಿಗೂ ಒಂದೊಂದು ಕೊಟ್ಟು ಇಪ್ಪತ್ತೆರಡು ವರ್ಷವಾಗಿತ್ತು. ಎರಡೂ ಅಪ್ಪಟ ಬೆಳ್ಳಿ ಎಂದೇ ಹೇಳಿದ್ದ.

"ಅಣ್ಣಾ, ಅಪ್ಪ ಕೊಟ್ಟ ನಾಣ್ಯದ ಸೆಟ್ ಇದೆಯಲ್ಲ… ಹಾಂ, ಅದೇ. ಶೆಲ್ಫ್ ಸರಿಸುವಾಗ ನನ್ನ ಪೆಟ್ಟಿಗೆ ಬಿದ್ದು ಒಡೆದುಹೋಯ್ತು. … ಅಯ್ಯೋ, ಪೆಟ್ಟಿಗೆ ಹೋದ್ರೆ ಹೋಗ್ಲಿ ಬಿಡು! ನಾಣ್ಯ ಹೊರಗೆ ಬಂತು. ಅಂಚಿನ ಸುತ್ತಲೂ ಕೆಂಪು ಗೆರೆ. ಒಳಗೆಲ್ಲ ತಾಮ್ರ ಕಣಣ್ಣ! ಬೆಳ್ಳಿ ಸಾಸಿವೆಯಷ್ಟೂ ಇಲ್ಲ."

"… ಮೊದಲೇ ಯಾಕೆ ನೋಡ್ಲಿಲ್ಲ ಅಂದ್ರೆ? ಬೆರಳು ತಾಗಿದ್ರೆ ಹೊಳಪು ಹೋಗುತ್ತೆ, ಸೀಲ್ ಒಡೀಬೇಡಿ ಅಂತ ಅಪ್ಪನೇ ಆಣೆ ಹಾಕ್ಸಿದ್ದ, ಅಲ್ವಾ? ಪಾಪ, ಯಾವನೋ ಅವನಿಗೆ ಟೋಪಿ ಹಾಕಿದ್ದಾನೆ. ನಿಂದೂ ಒಂದ್ಸಲ ನೋಡು."

"… ಏನು? ನಿಂದು ಬೆಳ್ಳೀನಾ? ನೋಡದೇನೇ ಹೇಗೆ ಹೇಳ್ತೀಯ? … ಗೊತ್ತಿತ್ತಾ? ಯಾವಾಗಿಂದ? … ಕೊಟ್ಟ ದಿನವೇ ಅಪ್ಪ ನಿನಗೆ ಹೇಳಿದ್ನಾ!"

ಅವನು ಗಿರಾಕಿಗಳ ಕುರ್ಚಿಯಲ್ಲಿ ಕುಸಿದು ಕೂತ.

"ಒಂದು ಬೆಳ್ಳಿದು, ಒಂದು ಸಾದಾ ಅಂತ ಅಪ್ಪನೇ ನೋಡಿ ತಂದಿದ್ನಾ? … ಎರಡೂ ಬೆಳ್ಳಿದೇ ತರೋಕೆ ಆಗ್ಲಿಲ್ಲ, ಸರಿ. ನನಗೊಂದು ಮಾತು ಹೇಳ್ಬಾರದಿತ್ತಾ? ಸಾದಾ ಅಂತ ಹೇಳೇ ಕೊಟ್ಟಿದ್ರೂ ಕಣ್ಣಿಗೆ ಒತ್ಕೊಳ್ತಿದ್ದೆ. … ನೀನೂ ಬಾಯಿಗೆ ಬೀಗ ಹಾಕ್ಕೊಂಡಿದ್ದೆ, ಅಲ್ವಾ?"

"ಕೊನೇ ಮೂರು ವರ್ಷ ಅವನ ಹಾಸಿಗೆ ಪಕ್ಕದಲ್ಲೇ ಇದ್ದವನು ನಾನು. ನಂದೂ ಬೆಳ್ಳಿ ಅಂತ ಅವನೆದುರಿಗೇ ಆ ಪೆಟ್ಟಿಗೆ ಒರೆಸ್ತಿದ್ದೆ. ನೋಡ್ತಾ ಮಲಗಿರ್ತಿದ್ದ ಕಣಣ್ಣ, ತುಟಿ ಬಿಚ್ಚಲಿಲ್ಲ."

"… ಬೆಳ್ಳಿದು ನಿನಗೇ ಯಾಕಂತೆ? … ಪರವಾಗಿಲ್ಲ, ಹೇಳು. … ಏನಂದ? ಇನ್ನೊಂದ್ಸಲ ಹೇಳು. … 'ನೀನು ತೂಕ ಹಾಕ್ಸಿ ನೋಡ್ತೀಯ. ಚಿಕ್ಕವನಿಗೆ ನಾನು ಹೇಳಿದ್ರೆ ಸಾಕು, ನಂಬ್ತಾನೆ.' ಹೀಗಂದ್ನಾ ಅಪ್ಪ?"

"… ಹಾಂ, ಇದೀನಿ. ಇಲ್ಲ, ಅಳ್ತಿಲ್ಲ. … ನಂಬಿದ್ದೆನಲ್ಲಣ್ಣ ನಾನು. ನಂಬಿದ್ದಕ್ಕೇನಾ? … ಹಲೋ? ಅಣ್ಣಾ, ಇಡಬೇಡ, ಹೇಳು. ನಂಬಿದ್ದಕ್ಕೇನಾ ನನಗೆ ಇದು? … ಹಲೋ… ಹಲೋ…"